ರಸ್ತೆಯ ಸ್ಪೋರ್ಟ್ಸ್ ಕಾರೋ, ಟ್ರ್ಯಾಕ್‌ಗೆಂದೇ ಕಟ್ಟಿದ ಕಾರೋ: ಬೆಂಗಳೂರಿನಿಂದ ಹೊರಡುವವರಿಗೆ ಒಂದು ಲೆಕ್ಕ

ಕಾರು ನೋಡಲು ಹೊರಡುವ ಮೊದಲು ಒಂದು ಚೀಟಿಯಲ್ಲಿ ಒಂದೇ ಸಂಖ್ಯೆ ಬರೆಯಿರಿ: ಮುಂದಿನ ಹನ್ನೆರಡು ತಿಂಗಳಲ್ಲಿ ನೀವು ನಿಜವಾಗಿ ಎಷ್ಟು ದಿನ ರೇಸ್ ಟ್ರ್ಯಾಕ್ ಮೇಲೆ ಇರುತ್ತೀರಿ? ಆಸೆಯ ಸಂಖ್ಯೆ ಬೇಡ. ಆಫೀಸಿನ ರಜೆ, ಮನೆಯ ಕಾರ್ಯಗಳು, ಚೆನ್ನೈನ ಮಳೆ, ಏಪ್ರಿಲ್-ಮೇ ತಿಂಗಳ ಬಿಸಿಲು ಎಲ್ಲ ಕಳೆದು ಕೈಯಲ್ಲಿ ಉಳಿಯುವ ಸಂಖ್ಯೆ ಬೇಕು. ಬೆಂಗಳೂರಿನವರಿಗೆ ಹತ್ತಿರದ ದೊಡ್ಡ ಟ್ರ್ಯಾಕ್ ಎಂದರೆ ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈನಲ್ಲಿರುವ 3.717 ಕಿ.ಮೀ. ಉದ್ದದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಹೋಗಲು ಸುಮಾರು 300 ಕಿ.ಮೀ., ಬರಲು ಅಷ್ಟೇ. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಇನ್ನೂ ಸ್ವಲ್ಪ ದೂರ, ಉದ್ದ ಸುಮಾರು 2.1 ಕಿ.ಮೀ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಅಂದರೆ ಪ್ರತಿ ಟ್ರ್ಯಾಕ್ ದಿನಕ್ಕೂ ಎರಡು ದಿನ ಮತ್ತು 600 ಕಿ.ಮೀ. ಹೆದ್ದಾರಿ ಅಂಟಿಕೊಂಡೇ ಬರುತ್ತದೆ.

ಆ ಸಂಖ್ಯೆ ನಾಲ್ಕರೊಳಗಿದ್ದರೆ ರಸ್ತೆ ಕಾರೇ ಸಾಕು. ಎಂಟು ದಾಟಿದರೆ ಪ್ರತ್ಯೇಕ ಟ್ರ್ಯಾಕ್ ಕಾರು ಕಟ್ಟಿ. ಐದರಿಂದ ಎಂಟರವರೆಗೆ ಇರುವವರು ಇನ್ನೆರಡು ಪ್ರಶ್ನೆ ಕೇಳಿಕೊಳ್ಳಬೇಕು: ಎರಡನೇ ಕಾರು ನಿಲ್ಲಿಸಲು, ಅದರ ಕೆಳಗೆ ಮಲಗಿ ಕೆಲಸ ಮಾಡಲು ಜಾಗ ಇದೆಯೇ? ಸೋಮವಾರ ಬೆಳಿಗ್ಗೆ ಈ ಕಾರು ಸ್ಟಾರ್ಟ್ ಆಗದಿದ್ದರೆ ಆಫೀಸಿಗೆ ಹೋಗಲು ಬೇರೆ ದಾರಿ ಇದೆಯೇ? ಎರಡಕ್ಕೂ ಹೌದು ಎಂದಾದರೆ ಮಾತ್ರ ಟ್ರ್ಯಾಕ್ ಕಾರಿನ ಕಡೆ ವಾಲಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್‌ನಲ್ಲಿ ಒಂದೇ ಪಾರ್ಕಿಂಗ್ ಇರುವವರು ಟ್ರ್ಯಾಕ್ ಕಾರು ಕಟ್ಟಿದರೆ ಅದು ಯಾವುದೋ ಗ್ಯಾರೇಜಿನ ಮೂಲೆಯಲ್ಲಿ ಧೂಳು ತಿನ್ನುತ್ತದೆ, ಟೈರು ಅಲ್ಲಿಯೇ ಚಪ್ಪಟೆಯಾಗುತ್ತದೆ.

ಕಾರು ಪೂರ್ತಿ ಹೋದರೆ?

ಅಶ್ವಶಕ್ತಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ನಮ್ಮ ದೇಶದ ಮೋಟಾರು ವಿಮಾ ಪಾಲಿಸಿ ತೆಗೆದು 'ಬಳಕೆಯ ಮಿತಿ' ಎಂಬ ಭಾಗ ಓದಿ. ಸಂಘಟಿತ ರೇಸ್, ಪೇಸ್ ಮೇಕಿಂಗ್, ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ ಇವಕ್ಕೆ ರಕ್ಷಣೆ ಇಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. 'ಇದು ರೇಸ್ ಅಲ್ಲ, ಟ್ರ್ಯಾಕ್ ಡೇ (ಸ್ಪರ್ಧೆಯಿಲ್ಲದೆ ಸ್ವಂತ ಕಾರನ್ನು ಟ್ರ್ಯಾಕಿನಲ್ಲಿ ಓಡಿಸುವ ದಿನ)' ಎಂಬ ವಾದವನ್ನು ನಂಬಿಕೊಂಡು ನಲವತ್ತು ಲಕ್ಷದ ಕಾರನ್ನು ಗೋಡೆಯ ಪಕ್ಕ ಓಡಿಸಬೇಡಿ. ಟ್ರ್ಯಾಕ್ ಗೇಟ್ ದಾಟಿದ ಕ್ಷಣದಿಂದ ಕಾರಿಗೆ ವಿಮೆ ಇಲ್ಲ ಎಂದೇ ಲೆಕ್ಕ ಹಾಕಿ.

ಕಂತು ಇನ್ನೂ ಮುಗಿಯದ ಕಾರಾದರೆ ಲೆಕ್ಕ ಮತ್ತೂ ಕಠಿಣ, ಏಕೆಂದರೆ ಕಾರು ಗುಜರಿಗೆ ಹೋದರೂ ಕಂತು ನಿಲ್ಲುವುದಿಲ್ಲ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಕಟ್ಟಿದ 18 ಶೇಕಡಾ ಜೀವಾವಧಿ ತೆರಿಗೆಯೂ ಆ ಕಾರಿನ ಜೊತೆಗೇ ಮುಳುಗಿರುತ್ತದೆ. ಆದ್ದರಿಂದ ನಿಯಮ ಸರಳ: ನಾಳೆ ಪೂರ್ತಿ ಕಳೆದುಕೊಂಡರೂ ಮನೆ ಖರ್ಚು ಅಲ್ಲಾಡದಷ್ಟು ಬೆಲೆಯ ಕಾರನ್ನು ಮಾತ್ರ ಮಿತಿಯವರೆಗೆ ಓಡಿಸಿ. ಅದಕ್ಕಿಂತ ದುಬಾರಿಯಾದ ಕಾರನ್ನು ಟ್ರ್ಯಾಕ್‌ಗೆ ಒಯ್ಯಬಾರದೆಂದಿಲ್ಲ. ಹತ್ತರಲ್ಲಿ ಎಂಟರಷ್ಟು ವೇಗದಲ್ಲಿ ಓಡಿಸಿ ಖುಷಿಪಡಬೇಕು, ಅಷ್ಟೆ. ಆ ಸಂಯಮ ನಿಮ್ಮಲ್ಲಿಲ್ಲ ಎಂದು ಅನಿಸಿದರೆ ಅಲ್ಲಿಗೆ ಉತ್ತರ ಸಿಕ್ಕಿತು: ಅಗ್ಗದ ಟ್ರ್ಯಾಕ್ ಕಾರು ನಿಮಗೆ ಬೇಕು.

ತೂಕ ಮತ್ತು ಬ್ರೇಕು

ಎರಡು ಬಗೆಯ ಕಾರುಗಳ ನಡುವಿನ ದೊಡ್ಡ ವ್ಯತ್ಯಾಸ ಬ್ರೇಕಿನಲ್ಲಿ ಕಾಣುತ್ತದೆ. ಚಾಲಕನೂ ಸೇರಿ 1,500 ಕೆ.ಜಿ. ತೂಗುವ ಸ್ಪೋರ್ಟ್ಸ್ ಸೆಡಾನನ್ನು 160 ಕಿ.ಮೀ. ವೇಗದಿಂದ 80ಕ್ಕೆ ಇಳಿಸಿದಾಗ ಬ್ರೇಕುಗಳು ನುಂಗಬೇಕಾದ ಶಕ್ತಿ ಸುಮಾರು 1,110 ಕಿಲೋಜೌಲ್. ಕೋಣೆಯ ಉಷ್ಣತೆಯ ಮೂರೂವರೆ ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಶಾಖ ಅದು, ಕೆಲವೇ ಸೆಕೆಂಡಿನಲ್ಲಿ. ಒಳಗಿನದೆಲ್ಲ ಕಿತ್ತು ಚಾಲಕನೊಂದಿಗೆ 950 ಕೆ.ಜಿ.ಗೆ ಇಳಿಸಿದ ಹ್ಯಾಚ್‌ಬ್ಯಾಕ್‌ಗೆ ಅದೇ ಕೆಲಸಕ್ಕೆ ಸುಮಾರು 700 ಕಿಲೋಜೌಲ್, ಅಂದರೆ ಎರಡೂಕಾಲು ಲೀಟರ್ ನೀರು. ಪ್ರತಿ ಲ್ಯಾಪಿನಲ್ಲಿ ಇಂಥ ಬ್ರೇಕಿಂಗ್ ಮೂರ್ನಾಲ್ಕು ಸಲ ಬಂದರೆ ಹದಿನೈದು ನಿಮಿಷದ ಸೆಷನ್ನಿನಲ್ಲಿ ಆಗುವ ವ್ಯತ್ಯಾಸ ಎಷ್ಟೆಂದು ನೀವೇ ಗುಣಿಸಿ. ಭಾರದ ಕಾರಿನ ಎಂಜಿನ್ ದೊಡ್ಡದಿದ್ದರೆ ನೇರ ರಸ್ತೆಯ ತುದಿಯಲ್ಲಿ ವೇಗವೂ ಹೆಚ್ಚಿರುತ್ತದೆ. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಶೋರೂಮಿನಿಂದ ಬಂದ ಪ್ಯಾಡು ಮತ್ತು ಬ್ರೇಕ್ ಆಯಿಲ್ ಇಟ್ಟುಕೊಂಡು ಹೋದ ಭಾರದ ಕಾರುಗಳು ನಾಲ್ಕನೇ ಲ್ಯಾಪಿಗೆ ಸುಸ್ತಾಗುವುದು ಇದೇ ಕಾರಣಕ್ಕೆ.

ಸುಸ್ತಾಗುವುದರಲ್ಲೂ ಎರಡು ಬಗೆ ಇದೆ. ಪೆಡಲ್ ಗಟ್ಟಿಯಾಗಿಯೇ ಇದೆ, ಒತ್ತಿದರೂ ಕಾರು ನಿಲ್ಲುತ್ತಿಲ್ಲ ಎಂದರೆ ಪ್ಯಾಡ್ ತನ್ನ ಉಷ್ಣತೆಯ ಮಿತಿ ದಾಟಿದೆ. ಪೆಡಲ್ ಮೆತ್ತಗಾಗಿ ನೆಲದ ಕಡೆ ಇಳಿಯುತ್ತಿದೆ ಎಂದರೆ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿದೆ. ಆಯಿಲ್ ಒತ್ತಡ ದಾಟಿಸುತ್ತದೆ, ಆವಿ ಸುಮ್ಮನೆ ಕುಗ್ಗುತ್ತದೆ. ಎರಡನೆಯದು ಹೆಚ್ಚು ಅಪಾಯ. ಡಾಟ್ 4 ಎಂಬ ಸಾಮಾನ್ಯ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯಲ್ಲಿ ಕುದಿಯಬೇಕೆಂಬುದು ಮಾನದಂಡ. ತೇವ ಹೀರಿಕೊಂಡ ಮೇಲೆ ಆ ಕನಿಷ್ಠ 155ಕ್ಕೆ ಇಳಿಯುತ್ತದೆ. ಎರಡು ಮಳೆಗಾಲ ಕಂಡ ಆಯಿಲ್ ಅಂದರೆ ತೇವ ಕುಡಿದ ಆಯಿಲ್ ಎಂದೇ ತಿಳಿಯಿರಿ. ರೇಸಿಂಗ್ ಆಯಿಲ್‌ಗಳು ಹೊಸದರಲ್ಲಿ 300 ಡಿಗ್ರಿ ದಾಟಿಯೂ ತಡೆಯುತ್ತವೆ, ಆದರೆ ಡಬ್ಬಿ ತೆರೆದ ದಿನದಿಂದ ಅವೂ ತೇವ ಹೀರುತ್ತವೆ. ಅರ್ಧ ಉಳಿದ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ.

ರಸ್ತೆ ಕಾರೇ ಸಾಕು ಎಂದವರು ಮಾಡಬೇಕಾದ್ದು

ಇವರು ನಾಲ್ಕು ವಸ್ತುಗಳ ಆಚೆ ಹೋಗಬಾರದು: ಬ್ರೇಕ್ ಆಯಿಲ್, ಬ್ರೇಕ್ ಪ್ಯಾಡ್, ಎಂಜಿನ್ ಆಯಿಲ್, ಟೈರು.

ಬ್ರೇಕ್ ಆಯಿಲನ್ನು ಹೋಗುವ ವಾರವೇ ಪೂರ್ತಿ ಬದಲಿಸಿ. ಒಂದು ಲೀಟರ್ ಸಾಕು. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರುಮಾಡಿ ಹತ್ತಿರದ ಚಕ್ರಕ್ಕೆ ಬರುವುದು ಸಾಮಾನ್ಯ ಕ್ರಮ. ನಿಮ್ಮ ಕಾರಿನ ಕೈಪಿಡಿ ಬೇರೆ ಕ್ರಮ ಹೇಳಿದರೆ ಅದನ್ನೇ ಅನುಸರಿಸಿ. ಪ್ಯಾಡಿನ ದಪ್ಪ ಹೊಸದರ ಅರ್ಧಕ್ಕಿಂತ ಕಡಿಮೆ ಇದ್ದರೆ ಹೊರಡಬೇಡಿ. 'ಇನ್ನೂ ಐದು ಸಾವಿರ ಕಿ.ಮೀ. ಬರುತ್ತದೆ' ಎಂದು ಮೆಕ್ಯಾನಿಕ್ ಹೇಳುವುದು ನಗರದ ಓಟಕ್ಕೆ ನಿಜ. ಟ್ರ್ಯಾಕಿನಲ್ಲಿ ಪ್ಯಾಡ್ ತೆಳುವಾದಷ್ಟೂ ಡಿಸ್ಕಿನ ಶಾಖ ಸೀದಾ ಪಿಸ್ಟನ್ನಿಗೆ, ಅಲ್ಲಿಂದ ಆಯಿಲಿಗೆ ಹೋಗುತ್ತದೆ.

ಹೊಸ ಪ್ಯಾಡನ್ನು ಹಾಕಿದ ಕೂಡಲೇ ಟ್ರ್ಯಾಕಿಗೆ ಇಳಿಸಬೇಡಿ, ಮೊದಲು ಪಳಗಿಸಬೇಕು. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲ ಎಂದು ಖಚಿತಪಡಿಸಿಕೊಂಡು, 80ರಿಂದ 20ರವರೆಗೆ ಮಧ್ಯಮ ಒತ್ತಡದಲ್ಲಿ ಎಂಟು-ಹತ್ತು ಸಲ ಇಳಿಸಿ. ಪೂರ್ತಿ ನಿಲ್ಲಿಸಬಾರದು: ಬಿಸಿ ಡಿಸ್ಕಿಗೆ ಪ್ಯಾಡ್ ಒಂದೇ ಕಡೆ ಒತ್ತಿಕೊಂಡು ನಿಂತರೆ ಅಲ್ಲಿ ಪ್ಯಾಡಿನ ಪದರ ಅಂಟಿ, ಮುಂದೆ ಪ್ರತಿ ಬ್ರೇಕಿಗೂ ಸ್ಟೀರಿಂಗ್ ನಡುಗುತ್ತದೆ. ಬಹುತೇಕರು 'ಡಿಸ್ಕ್ ಬೆಂಡ್ ಆಗಿದೆ' ಎನ್ನುವುದು ಇದನ್ನೇ. ಆಮೇಲೆ ಹತ್ತು ನಿಮಿಷ ಬ್ರೇಕ್ ಹೆಚ್ಚು ಬಳಸದೆ ಓಡಿಸಿ ತಣಿಸಿ. ಅಪ್ಪಟ ರೇಸ್ ಪ್ಯಾಡನ್ನು ರಸ್ತೆ ಕಾರಿಗೆ ಹಾಕಿಕೊಂಡು ಹೊಸೂರು ರಸ್ತೆಯಲ್ಲಿ ಓಡಾಡಬೇಡಿ. ತಣ್ಣಗಿದ್ದಾಗ ಅದು ಕಚ್ಚುವುದಿಲ್ಲ. ಬೆಳಿಗ್ಗೆ ಮೊದಲ ಸಿಗ್ನಲ್ಲಿನಲ್ಲಿ ಎದುರಿನ ಆಟೊ ನಿಂತಾಗ ನಿಮಗೆ ಬೇಕಾಗುವುದು ತಣ್ಣಗೂ ಕಚ್ಚುವ ಪ್ಯಾಡು.

ಎಂಜಿನ್ ಆಯಿಲ್ ಮಟ್ಟ ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ಇರಲಿ, ಅದಕ್ಕೂ ಮೇಲೆ ಬೇಡ. ಉದ್ದನೆಯ ತಿರುವಿನಲ್ಲಿ ಆಯಿಲ್ ಎಂಜಿನ್ ತಳದ ತೊಟ್ಟಿಯ (ಸಂಪ್) ಒಂದು ಬದಿಗೆ ಸರಿದು ಪಂಪಿನ ಬಾಯಿ ಬರಿದಾಗುತ್ತದೆ. ಮಟ್ಟ ಕಡಿಮೆ ಇದ್ದರೆ ಬೇರಿಂಗ್ ಹೋಗಲು ಒಂದೆರಡು ಸೆಕೆಂಡು ಸಾಕು. ಆಯಿಲ್ ಉಷ್ಣತೆ ತೋರಿಸುವ ಮೀಟರ್ ಇದ್ದರೆ 130 ಡಿಗ್ರಿಗೆ ಬಂದಾಗ ವೇಗ ಇಳಿಸಿ. ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಬಿಡಬೇಡಿ. ತಿರುವಿನಲ್ಲಿ ಎಂಜಿನ್ ಕೆಮ್ಮುವುದಕ್ಕೆ ಅದೇ ಕಾರಣ. ಟ್ರ್ಯಾಕಿನಲ್ಲಿ ಸಣ್ಣ ಟರ್ಬೊ ಕಾರು ಕೂಡ ಲೀಟರಿಗೆ ನಾಲ್ಕೈದು ಕಿ.ಮೀ. ಮಾತ್ರ ಕೊಡುತ್ತದೆ.

ಯಾವ ರಸ್ತೆ ಕಾರು ಎಂಬುದಕ್ಕೆ ಒಂದು ಮಾತು: ಗೇರ್‌ಬಾಕ್ಸ್ ನೋಡಿ ಆರಿಸಿ. ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ 1.2ರಲ್ಲಿ 105 ಅಶ್ವಶಕ್ತಿಯ ಸೊಗಸಾದ ಎಂಜಿನ್ ಇದೆ, ಆದರೆ ಅದರ ಏಳು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಒಣ ಕ್ಲಚ್ಚಿನದು. ಶಾಖ ಹೊರಹಾಕಲು ಅದಕ್ಕೆ ಆಯಿಲಿನ ಸ್ನಾನ ಇಲ್ಲ. ಅದೇ ಪೋಲೋದ 1.0 ಟಿಎಸ್‌ಐ ಮ್ಯಾನುಯಲ್ 110 ಅಶ್ವಶಕ್ತಿ ಕೊಡುತ್ತದೆ ಮತ್ತು ಟ್ರ್ಯಾಕಿನಲ್ಲಿ ಹೆಚ್ಚು ನೆಮ್ಮದಿಯ ಕಾರು. ಪೋಲೋ ತಯಾರಿಕೆ ಇಲ್ಲಿ 2022ರಲ್ಲೇ ನಿಂತಿದ್ದರೂ ಹಳೆಯವು ಸಾಕಷ್ಟು ಸಿಗುತ್ತವೆ. ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್‌ನಂಥ ಕಾರು ಹೆದ್ದಾರಿಯಲ್ಲಿ ರಾಜ, ಟ್ರ್ಯಾಕಿನಲ್ಲಿ ಮುಂದಿನ ಟೈರು ಮತ್ತು ಪ್ಯಾಡನ್ನು ಸುಲಿದು ತಿನ್ನುತ್ತದೆ. ಅದನ್ನು ಒಪ್ಪಿಕೊಂಡೇ ಕೊಳ್ಳಿ.

ಮಧ್ಯದ ಕಾರು ಬೇಡ

ಇಲ್ಲಿ ನಮ್ಮ ನಿಲುವು ಖಡಾಖಂಡಿತ. ವಾರವಿಡೀ ಆಫೀಸಿಗೆ ಹೋಗುವ ಕಾರಿಗೇ ರೋಲ್ ಕೇಜ್ (ಕಾರು ಮಗುಚಿದಾಗ ಒಳಗಿನವರನ್ನು ಕಾಯುವ ಉಕ್ಕಿನ ಪೈಪಿನ ಪಂಜರ), ಬಕೆಟ್ ಸೀಟು, ಹಲವು ಪಟ್ಟಿಗಳ ರೇಸ್ ಬೆಲ್ಟ್ ಅಂದರೆ ಹಾರ್ನೆಸ್ ಹಾಕಿಸಿ 'ಎರಡಕ್ಕೂ ಆಗುತ್ತದೆ' ಎನ್ನುವವರು ಎರಡನ್ನೂ ಕೆಡಿಸಿಕೊಳ್ಳುತ್ತಾರೆ, ಅಷ್ಟೇ ಅಲ್ಲದೆ ಜೀವಕ್ಕೂ ಅಪಾಯ ತಂದುಕೊಳ್ಳುತ್ತಾರೆ.

ರೋಲ್ ಕೇಜ್ ಇರುವುದು ಹೆಲ್ಮೆಟ್ ಹಾಕಿದ ತಲೆಗಾಗಿ. ಹೆಲ್ಮೆಟ್ ಇಲ್ಲದೆ ಸಿಲ್ಕ್ ಬೋರ್ಡ್ ಬಳಿ ಯಾರೋ ಪಕ್ಕದಿಂದ ಗುದ್ದಿದರೆ ನಿಮ್ಮ ತಲೆ ಬಡಿಯುವುದು 45 ಮಿ.ಮೀ. ದಪ್ಪದ ಉಕ್ಕಿನ ಪೈಪಿಗೆ. ಹಿಂದಿನ ಸೀಟಿನ ಮಕ್ಕಳಿಗೂ ಹಾಗೆಯೇ. ಕಂಪನಿ ಕೊಟ್ಟ ಮೂರು ಬಿಂದುವಿನ ಬೆಲ್ಟು, ಏರ್‌ಬ್ಯಾಗು, ಕುಗ್ಗುವ ಸೀಟಿನ ಬೆನ್ನು ಎಲ್ಲ ಒಂದೇ ವ್ಯವಸ್ಥೆಯಾಗಿ ಕೆಲಸ ಮಾಡುತ್ತವೆ; ಅದರಲ್ಲಿ ಒಂದನ್ನು ಕಿತ್ತರೆ ಉಳಿದವು ದಾರಿ ತಪ್ಪುತ್ತವೆ. ನಾಲ್ಕು ಬಿಂದುವಿನ ಹಾರ್ನೆಸ್ಸನ್ನು ಮೂಲ ಸೀಟಿನ ಮೇಲೆ ಹಾಕಿ ಹಿಂದಿನ ಸೀಟಿನ ಬೆಲ್ಟ್ ಬಕಲ್‌ಗೆ ಸಿಕ್ಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು: ಡಿಕ್ಕಿಯಾದಾಗ ಸೊಂಟ ಬೆಲ್ಟಿನ ಕೆಳಗಿಂದ ಜಾರಿ, ಪಟ್ಟಿ ಹೊಟ್ಟೆಯ ಮೆದು ಭಾಗಕ್ಕೆ ಒತ್ತುತ್ತದೆ. ಕಾಲುಗಳ ನಡುವಿನ ಪಟ್ಟಿ ಇರುವ ಆರು ಬಿಂದುವಿನ ಹಾರ್ನೆಸ್ಸಿಗೆ ತೂತುಗಳಿರುವ ಬಕೆಟ್ ಸೀಟೇ ಬೇಕು. ಹೆಗಲ ಪಟ್ಟಿ ಸೀಟಿನ ಮೇಲಂಚಿನಿಂದ ಹಿಂದಕ್ಕೆ ಸುಮಾರು 10 ಡಿಗ್ರಿ ಇಳಿಜಾರಿನಲ್ಲಿ ಹೋಗಬೇಕು; 45 ಡಿಗ್ರಿ ಮೀರಿದರೆ ಬೆನ್ನುಮೂಳೆಯನ್ನೇ ಕೆಳಕ್ಕೆ ಒತ್ತುತ್ತದೆ.

ಕಾನೂನೂ ಮಧ್ಯದ ಕಾರಿನ ಪರ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದು 189ನೇ ಕಲಂ ಅಡಿ ಅಪರಾಧ. ನಂದಿ ಬೆಟ್ಟದ ದಾರಿಯೂ ಚಾರ್ಮಾಡಿ ಘಾಟಿಯೂ ಸಾರ್ವಜನಿಕ ರಸ್ತೆಗಳೇ. ಇನ್ನು ಕಾರನ್ನು 40 ಮಿ.ಮೀ. ಇಳಿಸಿದವರಿಗೆ ಹಂಪುಗಳ ಮಾತು ಬೇರೆ ಹೇಳಬೇಕಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾದರಿ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಬಡಾವಣೆಯವರೇ ಹಾಕಿಸಿದ್ದು ಅಷ್ಟೇ ಎತ್ತರ, ಅಗಲ ಮಾತ್ರ ಅರ್ಧ ಮೀಟರ್.

ಟ್ರ್ಯಾಕ್ ಕಾರು ಕಟ್ಟುವುದಾದರೆ

ನಮ್ಮಲ್ಲಿ ಟ್ರ್ಯಾಕ್ ಕಾರಿಗೆ ಒಳ್ಳೆಯ ಬುನಾದಿ ಎಂದರೆ ಹಳೆಯ ಹಗುರ ಹ್ಯಾಚ್‌ಬ್ಯಾಕು. 2005ರಿಂದ 2010ರ ನಡುವಿನ ಮಾರುತಿ ಸ್ವಿಫ್ಟ್ 1.3 ಪೆಟ್ರೋಲ್ ಮೊದಲ ಆಯ್ಕೆ: 87 ಅಶ್ವಶಕ್ತಿ, ತೂಕ ಸುಮಾರು ಸಾವಿರ ಕೆ.ಜಿ., ಬಿಡಿಭಾಗ ಜೆ.ಸಿ. ರಸ್ತೆಯಲ್ಲೂ ಸಿಗುತ್ತದೆ, ಶಿವಮೊಗ್ಗದಲ್ಲೂ ಸಿಗುತ್ತದೆ. ಹಳೆಯ ಹೋಂಡಾ ಸಿಟಿ 1.5 ವಿಟೆಕ್ 106 ಅಶ್ವಶಕ್ತಿಯ ಅದ್ಭುತ ಎಂಜಿನ್; ಆದರೆ 2003ಕ್ಕೇ ನಿಂತ ಕಾರು, ಒಳ್ಳೆಯ ದೇಹದ ಸಿಟಿ ಸಿಗುವುದು ಕಷ್ಟ, ಭಾಗಗಳು ದುಬಾರಿ. ಮೊದಲ ಟ್ರ್ಯಾಕ್ ಕಾರಾಗಿ ಅದನ್ನು ಆರಿಸಬೇಡಿ. ಟ್ರ್ಯಾಕಿನಲ್ಲಿ ಗುದ್ದಿದ ಮೇಲೆ ಮರುವಾರವೇ ಬಂಪರು, ರೇಡಿಯೇಟರು, ಲೋವರ್ ಆರ್ಮ್ (ಚಕ್ರವನ್ನು ಹಿಡಿದಿಡುವ ಕೆಳಗಿನ ತೋಳು) ಸಿಗುವ ಕಾರು ಹತ್ತು ಅಶ್ವಶಕ್ತಿ ಹೆಚ್ಚಿರುವ ಕಾರಿಗಿಂತ ಮೇಲು.

ಕೊಳ್ಳುವಾಗ ಎಂಜಿನ್ನಿಗಿಂತ ಮೊದಲು ಬಾಡಿ ನೋಡಿ. ಎಂಜಿನ್ ಬದಲಿಸಬಹುದು, ಬಾಡಿ ಬದಲಿಸಲಾಗದು. ಬಾನೆಟ್ ಎತ್ತಿ ಸ್ಟ್ರಟ್ (ಮುಂದಿನ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್) ಕೂರುವ ಗುಂಬದ ಸುತ್ತಲಿನ ಸೀಲರ್ ಕಂಪನಿಯದೇ ಎಂದು ಎರಡೂ ಬದಿ ಹೋಲಿಸಿ. ನೆಲದ ಕಾರ್ಪೆಟ್ ಎತ್ತಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ; ಗಟ್ಟಿ ಲೋಹದ ಸದ್ದಿನ ಬದಲು ಮೆತ್ತಗೆ 'ಡಬ್' ಎಂದರೆ ತುಕ್ಕು ಅಥವಾ ಪುಟ್ಟಿ. ಮಂಗಳೂರು, ಉಡುಪಿ, ಚೆನ್ನೈ ಕಡೆ ಓಡಿದ ಕಾರಿಗಿಂತ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಕಾರು ಲೇಸು; ಉಪ್ಪು ಗಾಳಿ ತಿಂದ ನೆಲಕ್ಕೆ ಕೇಜ್ ಬೆಸುಗೆ ಹಾಕಿದರೆ ಅದು ಹಿಡಿದು ನಿಲ್ಲುವುದಿಲ್ಲ. ಆಮೇಲೆ ಕಂಪ್ರೆಷನ್ ಪರೀಕ್ಷೆ: ನಾಲ್ಕು ಸಿಲಿಂಡರುಗಳ ನಡುವೆ ಹತ್ತು ಶೇಕಡಾಕ್ಕಿಂತ ಹೆಚ್ಚು ಅಂತರ ಇದ್ದರೆ ಬೆಲೆ ಇಳಿಸಿ ಕೇಳಿ ಅಥವಾ ಬಿಟ್ಟುಬಿಡಿ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಆದ್ದರಿಂದ ಹಳೆಯ ಕಾರಿನ ಇಂಧನದ ರಬ್ಬರ್ ಪೈಪುಗಳನ್ನೆಲ್ಲ ಎಥನಾಲ್ ತಾಳುವ ಪೈಪಿಗೆ ಬದಲಿಸಿ. ಬಿರುಕುಬಿಟ್ಟ ಪೈಪಿನಿಂದ ಬಿಸಿ ಎಗ್ಸಾಸ್ಟ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

ಹಣ ಖರ್ಚು ಮಾಡುವ ಕ್ರಮ ಹೀಗಿರಲಿ: ಮೊದಲು ಸುರಕ್ಷತೆ, ಆಮೇಲೆ ಬ್ರೇಕು ಮತ್ತು ಟೈರು, ಆಮೇಲೆ ತಂಪಾಗಿಸುವ ವ್ಯವಸ್ಥೆ, ಆಮೇಲೆ ಸಸ್ಪೆನ್ಷನ್. ಎಂಜಿನ್ ಶಕ್ತಿ ಕಟ್ಟಕಡೆಗೆ. ಬಹಳಷ್ಟು ಜನ ಇದನ್ನು ತಿರುಗಾಮುರುಗಾ ಮಾಡಿ, ಎಗ್ಸಾಸ್ಟ್ ಮತ್ತು ರೀಮ್ಯಾಪಿಗೆ (ಎಂಜಿನ್ ಕಂಪ್ಯೂಟರಿನ ಮರುಹೊಂದಿಕೆ) ಹಣ ಸುರಿದು, ಕೇಜಿಗೆ ಹಣ ಉಳಿದಿಲ್ಲ ಎನ್ನುತ್ತಾರೆ.

ಕೇಜಿಗೆ ಜಾಗತಿಕ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ಹೇಳುವ ಅಳತೆ ಗ್ಯಾರೇಜಿನವರಿಗೆ ಬರೆದು ಕೊಡಿ. ಚಾಲಕನ ಹಿಂದಿನ ಮುಖ್ಯ ಕಮಾನಿಗೆ 45 ಮಿ.ಮೀ. ಹೊರವ್ಯಾಸ, 2.5 ಮಿ.ಮೀ. ಗೋಡೆ, ಅಥವಾ 50ಕ್ಕೆ 2.0, ಉಳಿದ ಪೈಪುಗಳಿಗೆ 38ಕ್ಕೆ 2.5 ಅಥವಾ 40ಕ್ಕೆ 2.0. ಪೈಪು ಜೋಡಣೆ ಇಲ್ಲದ ಕೋಲ್ಡ್ ಡ್ರಾನ್ ಉಕ್ಕಿನದಾಗಿರಬೇಕು. ನೀರಿನ ಜಿಐ ಪೈಪಿನಲ್ಲಿ ಕೇಜ್ ಮಾಡಿಕೊಡುತ್ತೇವೆ ಎನ್ನುವವರ ಹತ್ತಿರ ನಿಲ್ಲಲೇಬೇಡಿ. ಅದು ಬೆಸುಗೆಯ ಪಕ್ಕದಲ್ಲೇ ಸೀಳಿಹೋಗುತ್ತದೆ. ಕೇಜಿನ ಪಾದ ಕೂರುವಲ್ಲಿ ಕಾರಿನ ನೆಲಕ್ಕೆ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ಬಲಪಟ್ಟಿ ಬೆಸೆಯಬೇಕು. ಇಲ್ಲದಿದ್ದರೆ ಕಾರು ಮಗುಚಿದಾಗ ಪೈಪು ತೆಳು ತಗಡನ್ನು ತೂತು ಮಾಡಿ ಹೊರಬರುತ್ತದೆ. ಹೆಲ್ಮೆಟ್ ತಾಗಬಹುದಾದ ಎಲ್ಲ ಕಡೆ ಗಟ್ಟಿ ಪ್ಯಾಡಿಂಗ್ ಬೇಕು. ಪ್ಲಂಬಿಂಗ್ ಅಂಗಡಿಯ ಮೆತ್ತನೆ ಫೋಮ್ ಲೆಕ್ಕಕ್ಕಿಲ್ಲ.

ಹೆಲ್ಮೆಟ್ಟಿಗೆ ಸ್ನೆಲ್ ಎಂಬ ಪರೀಕ್ಷಾ ಸಂಸ್ಥೆಯ ಎಸ್‌ಎ (ಕಾರ್ ರೇಸಿಂಗ್) ಮುದ್ರೆ ಇರಲಿ. ಬೈಕಿನ ಎಂ ಮುದ್ರೆಯದಕ್ಕೆ ಬೆಂಕಿ ತಡೆಯುವ ಪರೀಕ್ಷೆ ಇಲ್ಲ, ಕೇಜಿಗೆ ಮತ್ತೆ ಮತ್ತೆ ಬಡಿಯುವ ಪರೀಕ್ಷೆಯೂ ಇಲ್ಲ. ಎರಡು ಕೆ.ಜಿ.ಯ ಅಗ್ನಿಶಾಮಕವನ್ನು ಲೋಹದ ಪಟ್ಟಿಯಿಂದ, ಚಾಲಕ ಬೆಲ್ಟ್ ಹಾಕಿಕೊಂಡೇ ಎಟುಕಿಸಿಕೊಳ್ಳುವಂತೆ ಬೋಲ್ಟ್ ಮಾಡಿ. ಬಕೆಟ್ ಸೀಟು, ಹಾರ್ನೆಸ್ ಕೊಳ್ಳುವಾಗ ಲೇಬಲ್ಲಿನ ವರ್ಷ ನೋಡಿ. ಎಫ್‌ಐಎ 8855-1999 ಸೀಟಿನ ಆಯುಸ್ಸು ತಯಾರಾದ ದಿನದಿಂದ ಐದೇ ವರ್ಷ. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಬರುವುದು ಹೆಚ್ಚಾಗಿ ಅವಧಿ ಮುಗಿದದ್ದೇ.

ತೂಕ ಇಳಿಸುವುದರಲ್ಲಿ ಭ್ರಮೆ ಬೇಡ. ಹಿಂದಿನ ಸೀಟು, ಸ್ಟೆಪ್ನಿ ಮತ್ತು ಜಾಕು, ಕಾರ್ಪೆಟ್, ನೆಲದ ಡಾಂಬರು ಹಾಳೆ, ಎ.ಸಿ. ಎಲ್ಲ ಸೇರಿ ಎಪ್ಪತ್ತು-ತೊಂಬತ್ತು ಕೆ.ಜಿ. ಹೋಗುತ್ತದೆ, ಕೇಜು ಮೂವತ್ತು-ನಲವತ್ತನ್ನು ವಾಪಸ್ ತರುತ್ತದೆ. ಹೀಟರ್ ಕೋರ್ ಮಾತ್ರ ಕೀಳಬೇಡಿ. ಎಂಜಿನ್ ಬಿಸಿಯೇರಿದಾಗ ಹೀಟರನ್ನು ಪೂರ್ತಿ ತಿರುಗಿಸಿ ಫ್ಯಾನ್ ಹಾಕಿದರೆ ಅದು ಎರಡನೇ ಸಣ್ಣ ರೇಡಿಯೇಟರಿನಂತೆ ಕೆಲಸ ಮಾಡುತ್ತದೆ. ಎಬಿಎಸ್ ಇದ್ದರೆ ಅದನ್ನೂ ಉಳಿಸಿಕೊಳ್ಳಿ.

ಟೈರು ಏನು ಹೇಳುತ್ತದೆ

ಎರಡೂ ಬಗೆಯ ಕಾರಿನವರು ಒಂದು ತುಂಡು ಬಳಪ ಜೇಬಿನಲ್ಲಿ ಇಟ್ಟುಕೊಳ್ಳಿ. ಸೆಷನ್ನಿಗೆ ಮೊದಲು ಮುಂದಿನ ಟೈರಿನ ಭುಜದಿಂದ ಪಕ್ಕದ ಗೋಡೆಯ ಕಡೆಗೆ ಮೂರು ಕಡೆ ಗೆರೆ ಎಳೆಯಿರಿ. ಅನೇಕ ಟೈರುಗಳ ಭುಜದಲ್ಲಿ ಸಣ್ಣ ತ್ರಿಕೋನದ ಗುರುತು ಇರುತ್ತದೆ. ಓಡಿಸಿ ಬಂದ ಮೇಲೆ ಬಳಪ ಆ ತ್ರಿಕೋನದವರೆಗೆ ಅಳಿಸಿದ್ದರೆ ಗಾಳಿ ಸರಿ; ಅದನ್ನೂ ದಾಟಿ ಗೋಡೆಯಲ್ಲಿ ಅಳಿಸಿದ್ದರೆ ಟೈರು ಮಗುಚುತ್ತಿದೆ, ಗಾಳಿ ಕಡಿಮೆ; ತ್ರಿಕೋನಕ್ಕೆ ಬಹಳ ಮೊದಲೇ ನಿಂತಿದ್ದರೆ ಗಾಳಿ ಹೆಚ್ಚು. ತಣ್ಣಗೆ 33 ಪಿಎಸ್‌ಐ ಇದ್ದದ್ದು ಐದಾರು ಲ್ಯಾಪಿನಲ್ಲಿ 40 ಮುಟ್ಟುತ್ತದೆ. ಆಗ ಟೈರು ಉಬ್ಬಿ, ನಡುಭಾಗ ಮಾತ್ರ ನೆಲ ಹಿಡಿದು, ಕಾರು ಎಣ್ಣೆ ಮೇಲೆ ಹೋದಂತೆ ಜಾರುತ್ತದೆ. ತಣ್ಣಗೆ 27-28ರಿಂದ ಶುರುಮಾಡಿ, ಪಿಟ್ಟಿಗೆ ಬಂದ ಕೂಡಲೇ ಅಳೆದು, ಬಿಸಿಯಲ್ಲಿ 33-35ಕ್ಕೆ ತನ್ನಿ. ಎಡ-ಬಲ ಬೇರೆ ಬೇರೆ ಬರುವುದು ಸಹಜ. ಯಾವ ಬದಿಯ ತಿರುವು ಹೆಚ್ಚೋ ಅದರ ಹೊರಬದಿ ಹೆಚ್ಚು ಬಿಸಿಯಾಗುತ್ತದೆ.

ಕ್ಯಾಂಬರಿನಲ್ಲಿ, ಅಂದರೆ ಎದುರಿನಿಂದ ನೋಡಿದಾಗ ಚಕ್ರ ವಾಲಿರುವ ಕೋನದಲ್ಲಿ, ಎರಡು ಕಾರುಗಳ ದಾರಿ ಬೇರೆಯಾಗುತ್ತದೆ. ಟ್ರ್ಯಾಕ್ ಕಾರಿಗೆ ಮುಂದೆ ಮೈನಸ್ (ಮೇಲ್ಭಾಗ ಒಳಕ್ಕೆ) 2.5ರಿಂದ 3 ಡಿಗ್ರಿ ಕೊಡಿ, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಶೂನ್ಯದ ಹತ್ತಿರ ಇಡಿ. ಅದೇ ಅಳತೆಯಲ್ಲಿ ರಸ್ತೆ ಕಾರು ಚೆನ್ನೈಗೆ ಹೋಗಿಬರುವುದನ್ನು ಕೆಲವು ಸಲ ಮಾಡಿದರೆ ಟೈರಿನ ಒಳಅಂಚು ಸವೆದು ತಂತಿ ಕಾಣುತ್ತದೆ, ಹೊರಗಿನಿಂದ ನೋಡಿದರೆ ಟೈರು ಹೊಸದರಂತಿರುತ್ತದೆ. ರಸ್ತೆ ಕಾರಿಗೆ ಒಂದು-ಒಂದೂವರೆ ಡಿಗ್ರಿಗೆ ತೃಪ್ತರಾಗಿ.

ಕಾಗದ, ಲಾರಿ, ಸಾಗಣೆ

ಟ್ರ್ಯಾಕ್ ಕಾರು ರಸ್ತೆಗೆ ಇಳಿಯುವುದಿಲ್ಲ ಎಂದ ಮೇಲೂ ಕಾಗದ ನಿಮ್ಮ ಹೆಸರಿಗೆ ಇರಲಿ. ಫಾರಂ 29, 30ರಲ್ಲಿ ವರ್ಗಾವಣೆ ಮಾಡಿಸಿ. ಹಳೆಯ ಸಾಲವಿದ್ದರೆ ಫಾರಂ 35 ಬೇಕು. ನೋಂದಣಿ ಬಿಟ್ಟುಬಿಡುವ ಯೋಚನೆಯಿದ್ದರೆ ಆರ್‌ಟಿಒದಲ್ಲಿ 55ನೇ ಕಲಂ ಅಡಿ ರದ್ದು ಮಾಡಿಸುವ ದಾರಿ ಕೇಳಿ, ಅದಕ್ಕೂ ಮೊದಲು ಬಾಕಿ ದಂಡಗಳನ್ನೆಲ್ಲ ಕಟ್ಟಿ. ಚಾಸಿ ಸಂಖ್ಯೆಯ ಮೇಲೆ ಕೇಜ್ ಬೆಸುಗೆ ಬರದಂತೆ ನೋಡಿಕೊಳ್ಳಿ. ಹೆದ್ದಾರಿಯಲ್ಲಿ ಪೊಲೀಸರು ಲಾರಿ ನಿಲ್ಲಿಸಿ ಕೇಳಿದಾಗ ಆ ಸಂಖ್ಯೆ ಮತ್ತು ಕಾಗದ ಹೊಂದಬೇಕು.

ಕಾರು ಹೊರುವ ಫ್ಲಾಟ್‌ಬೆಡ್ ಲಾರಿಯ ಬಾಡಿಗೆಯೇ ಟ್ರ್ಯಾಕ್ ಕಾರಿನ ಅತಿ ದೊಡ್ಡ ಮರುಕಳಿಸುವ ಖರ್ಚು, ಟೈರಿಗಿಂತಲೂ ಹೆಚ್ಚು. ಇಬ್ಬರು ಮೂವರು ಸೇರಿ ಎರಡು ಮೂರು ಕಾರು ಹೊರುವ ಲಾರಿ ಹಿಡಿದರೆ ಅದು ಹಿಡಿತಕ್ಕೆ ಬರುತ್ತದೆ. ಇನ್ನೊಂದು ದಾರಿ, ಕಾರನ್ನು ಚೆನ್ನೈ ಅಥವಾ ಕೊಯಮತ್ತೂರಿನ ರೇಸ್ ಗ್ಯಾರೇಜಿನಲ್ಲೇ ತಿಂಗಳ ಬಾಡಿಗೆಗೆ ಇಡುವುದು. ನೀವು ಹೆಲ್ಮೆಟ್ ಹಿಡಿದು ರೈಲಿನಲ್ಲಿ ಹೋಗುವುದು. ಕಾರನ್ನು ಲಾರಿಗೆ ಕಟ್ಟುವಾಗ ಪಟ್ಟಿಯನ್ನು ಚಕ್ರಕ್ಕೆ ಕಟ್ಟಿಸಿ, ಲೋವರ್ ಆರ್ಮಿಗೆ ಅಲ್ಲ, 300 ಕಿ.ಮೀ. ಕುಲುಕಾಟದಲ್ಲಿ ಅಲೈನ್‌ಮೆಂಟ್ ಕೆಡುವುದು ಅಲ್ಲಿಂದಲೇ.

ಜರ್ಮನಿಯಲ್ಲಿರುವ ಕನ್ನಡಿಗರಿಗೆ ಈ ಲೆಕ್ಕ ತಲೆಕೆಳಗಾಗುತ್ತದೆ. 20.832 ಕಿ.ಮೀ.ಯ ನ್ಯೂರ್‌ಬರ್ಗ್‌ರಿಂಗ್ ನಾರ್ಡ್‌ಶ್ಲೈಫೆಯ ಸಾರ್ವಜನಿಕ ಓಟಕ್ಕೆ ರಸ್ತೆ ನೋಂದಣಿ ಇರುವ ಕಾರೇ ಬೇಕು, ಹಾಗಾಗಿ ಅಲ್ಲಿ ಚೆನ್ನಾಗಿ ಸಿದ್ಧಪಡಿಸಿದ ರಸ್ತೆ ಕಾರಿಗೇ ಬೆಲೆ. ಅಮೆರಿಕದಲ್ಲಿರುವವರಿಗೆ ಹಳೆಯ ಮಾಜ್ದಾ ಮಿಯಾಟಾ, ನಮ್ಮ ಸ್ವಿಫ್ಟಿನ ಜಾಗದಲ್ಲಿ ನಿಲ್ಲುತ್ತದೆ: ಹಗುರ, ಅಗ್ಗ, ಭಾಗ ಎಲ್ಲೆಡೆ.

ಆ ದಿನ ಸಂಜೆ

ಕೊನೆಯ ಲ್ಯಾಪನ್ನು ಬ್ರೇಕ್ ಮುಟ್ಟದೆ, ಎತ್ತರದ ಗೇರಿನಲ್ಲಿ ನಿಧಾನವಾಗಿ ಮುಗಿಸಿ. ಪಿಟ್ಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿಟ್ಟು ಚಕ್ರಕ್ಕೆ ಕಟ್ಟೆ ಕೊಡಿ. ಟರ್ಬೊ ಕಾರನ್ನು ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆರಿಸಿ.

ರಸ್ತೆ ಕಾರಿನಲ್ಲಿ ವಾಪಸ್ ಹೊರಡುವವರು ಕಾರು ತಣಿದ ಮೇಲೆ ಟಾರ್ಕ್ ರೆಂಚ್ ತೆಗೆದು ಚಕ್ರದ ಬೋಲ್ಟುಗಳನ್ನು ಮತ್ತೆ ಪರೀಕ್ಷಿಸಿ: ಪೋಲೋಗೆ 120 ನ್ಯೂಟನ್ ಮೀಟರ್, ಹೋಂಡಾ ಸಿಟಿಗೆ 108. ಟೈರಿನ ಗಾಳಿಯನ್ನು ಮತ್ತೆ ರಸ್ತೆಯ ಮಟ್ಟಕ್ಕೆ ತುಂಬಿಸಿ. ಬಿಸಿಯಲ್ಲಿ ಬಿಟ್ಟ ಗಾಳಿ ತಣ್ಣಗಾದಾಗ 26-27ಕ್ಕೆ ಇಳಿದಿರುತ್ತದೆ, ಹೆದ್ದಾರಿಯ ವೇಗಕ್ಕೆ, ತುಂಬಿದ ಕಾರಿಗೆ ಅದು ಕಡಿಮೆ. ಪ್ಯಾಡಿನ ದಪ್ಪವನ್ನು ಚಕ್ರದ ಕಡ್ಡಿಗಳ ನಡುವಿನಿಂದ ಟಾರ್ಚ್ ಹಾಕಿ ನೋಡಿ. ಅಂಚು ಬೂದಿಬಣ್ಣಕ್ಕೆ ತಿರುಗಿ ಪುಡಿ ಉದುರುತ್ತಿದ್ದರೆ ಆ ಪ್ಯಾಡ್ ಸತ್ತಿದೆ. ಕೊನೆಗೆ ಎಂಜಿನ್ ಚಾಲೂ ಇಟ್ಟು ಬ್ರೇಕ್ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೆಳಿಗ್ಗೆ ಇದ್ದಲ್ಲೇ ಗಟ್ಟಿಯಾಗಿ ನಿಂತರೆ ಹೊರಡಿ. ಮೆಲ್ಲಗೆ ಕೆಳಗಿಳಿಯುತ್ತಿದ್ದರೆ ಮುನ್ನೂರು ಕಿ.ಮೀ. ಹೆದ್ದಾರಿಗೆ ಆ ಕಾರನ್ನು ತೆಗೆದುಕೊಂಡು ಹೋಗಬೇಡಿ; ಶ್ರೀಪೆರಂಬದೂರಿನಲ್ಲೇ ಬ್ರೇಕ್ ಆಯಿಲ್ ಬದಲಿಸಿ ಬ್ರೇಕ್ ಪೈಪಿನ ಗಾಳಿ ತೆಗೆಸಿ, ಆಗಲೂ ಇಳಿದರೆ ಫ್ಲಾಟ್‌ಬೆಡ್ ಕರೆಸಿ. ಹಾಗಾಗಿ ರಸ್ತೆ ಕಾರು ಆರಿಸಿದವರ ಫೋನಿನಲ್ಲೂ ಒಬ್ಬ ಫ್ಲಾಟ್‌ಬೆಡ್ ಚಾಲಕರ ನಂಬರ್ ಇರಲೇಬೇಕು, ಹೊರಡುವ ಹಿಂದಿನ ದಿನವೇ ಮಾತಾಡಿ ಇಟ್ಟುಕೊಳ್ಳಿ.